ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್: ಒಂದು ಸುಳ್ಳು ಪತ್ರಕ್ಕೆ ಹೋದ ಜೀವ

ಬೀದರ್: ಚೌಬಾರಾದಿಂದ ಕೋಟೆ ಕಡೆ ಹೋಗುವ ರಸ್ತೆಯಲ್ಲಿ ದಿನಾ ಎಷ್ಟೋ ಜನ ಓಡಾಡ್ತೀವಿ. ಆಟೋದವರು, ಬೈಕಿನವರು, ಸಾಲಿಗೆ ಹೋಗುವ ಮಕ್ಕಳು, ಹಳ್ಳಿಯಿಂದ ಬಜಾರಿಗೆ ಬಂದವರು. ಅದೇ ದಾರಿಯಲ್ಲಿ ಒಂದೇ ಮಿನಾರ್ ಉಳಿದಿರುವ, ಗೋಡೆ ಮೇಲೆ ಅಲ್ಲಲ್ಲಿ ನೀಲಿ, ಹಸಿರು, ಹಳದಿ ಟೈಲ್ಸ್ ಹೊಳೆಯುವ ದೊಡ್ಡ ಕಟ್ಟಡ ನಿಂತದ. ಹೊರಗಿನಿಂದ ಬಂದವರು ಅದರ ಮುಂದೆ ಫೋಟೋ ತಗೋತಾರೆ. ನಾವು ಮಾತಾಡ್ತಾ ದಾಟಿ ಹೋಗ್ತೀವಿ.

ಸಾಲಿ ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಬೀದರಿನ ಮದರಸಾ ಕಟ್ಟಿಸಿದವರು ಯಾರು? ಮಹಮೂದ್ ಗವಾನ್. ಅಲ್ಲಿಗೆ ಮುಗೀತು. ನಾನೂ ಹಂಗೇ ಬರೆದು ಪಾಸಾದವನು. ಆದರೆ ಆ ಒಂದು ಅಂಕದ ಹಿಂದೆ ಒಬ್ಬ ಮನುಷ್ಯನ 70 ವರ್ಷದ ಬದುಕು ಅದ. ವ್ಯಾಪಾರಕ್ಕಂತ ಬಂದವನು ಒಂದು ರಾಜ್ಯವನ್ನೇ ನಡೆಸಿದ್ದು, ಲೆಕ್ಕ ಕೇಳಿದ್ದಕ್ಕೆ ವೈರಿಗಳನ್ನ ಕಟ್ಟಿಕೊಂಡಿದ್ದು, ಕೊನೆಗೆ ತಾನು ಬರೆಯದ ಪತ್ರಕ್ಕೆ ತಲೆ ಕೊಟ್ಟಿದ್ದು, ಎಲ್ಲಾ ಅದರೊಳಗೆ ಬರ್ತದ. ಈ ಕಥೆ ಗೊತ್ತಿದ್ದು ಮದರಸಾ ನೋಡುವುದೇ ಬೇರೆ.

ಗಿಲಾನ್‌ನಿಂದ ದಾಭೋಲ್ ಬಂದರಿಗೆ

ಈಗಿನ ಇರಾನ್ ದೇಶದ ಉತ್ತರಕ್ಕೆ ಕ್ಯಾಸ್ಪಿಯನ್ ಸಮುದ್ರದ ದಂಡೆ ಮೇಲೆ ಗಿಲಾನ್ ಅಂತ ಪ್ರಾಂತ್ಯ ಅದ. ಮಳೆ ಜಾಸ್ತಿ, ಹಸಿರು ಜಾಸ್ತಿ ಇರುವ ಸೀಮೆ. ಅಲ್ಲಿ 1411ರಲ್ಲಿ ಮಹಮೂದ್ ಹುಟ್ಟಿದ. ಅವರ ಮನೆತನದವರು ಅಲ್ಲಿನ ಅರಸರ ಹತ್ರ ಮಂತ್ರಿಗಿರಿ ಮಾಡಿಕೊಂಡಿದ್ದವರು. ಗವಾನ್ ಅನ್ನೋದು ಅವನ ಊರಿನಿಂದ ಬಂದ ಹೆಸರು ಅಂತಾರೆ. ನಮ್ಮಲ್ಲಿ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಳ್ಳೋದಿಲ್ವಾ, ಹಂಗೆ.

ಅರಮನೆ ಒಳಜಗಳದಿಂದ ಊರು ಬಿಡಬೇಕಾಯ್ತು. ಬೇರೆ ಅರಸರ ಹತ್ರ ನೌಕರಿ ಕೇಳುವ ಬದಲು ಮಹಮೂದ್ ವ್ಯಾಪಾರಕ್ಕೆ ಇಳಿದ. ವ್ಯಾಪಾರದ ನೆಪದಲ್ಲಿ ಕೈರೋ, ಡಮಾಸ್ಕಸ್‌ನಂಥ ದೊಡ್ಡ ಪಟ್ಟಣಗಳನ್ನ ನೋಡಿದ. ಹೋದಲ್ಲೆಲ್ಲಾ ಸರಕು ಮಾರುವುದರ ಜೊತೆಗೆ ಪಂಡಿತರನ್ನ ಹುಡುಕಿ ಅವರ ಹತ್ರ ಕೂತು ಓದುತ್ತಿದ್ದ. ಲೆಕ್ಕದ ಬುದ್ಧಿ, ಓದಿನ ಹುಚ್ಚು ಎರಡೂ ಅವನಿಗೆ ಕೊನೆತನಕ ಬಿಡಲಿಲ್ಲ.

1453ರಲ್ಲಿ ಕೊಂಕಣದ ದಾಭೋಲ್ ಬಂದರಿನಲ್ಲಿ ಅವನ ಹಡಗು ನಿಂತಿತು. ಆಗ ವಯಸ್ಸು 42. ಅಲ್ಲಿಂದ ಬೀದರಿಗೆ ಬಂದ. ಬೀದರ್ ಆಗ ಬಹಮನಿ ಸುಲ್ತಾನರ ರಾಜಧಾನಿ. ಒಂದನೇ ಅಹಮದ್ ಶಾಹ ಕಲಬುರಗಿಯಿಂದ ಗಾದಿ ತಂದು ಇಲ್ಲಿಟ್ಟು ಇನ್ನೂ ಬಹಳ ವರ್ಷ ಆಗಿರಲಿಲ್ಲ. ಅದೇ ಸುಲ್ತಾನ ಇರಾನಿನ ಸೂಫಿ ಸಂತ ಶಾಹ ನಿಯಾಮತುಲ್ಲಾ ಅವರ ಮನೆತನದವರನ್ನ ಬೀದರಿಗೆ ಕರೆಸಿಕೊಂಡಿದ್ದ. ಆ ಮನೆತನದವರನ್ನ ಕಾಣಬೇಕು, ಸರಕು ಮಾರಬೇಕು, ದಿಲ್ಲಿ ಕಡೆ ಹೋಗಬೇಕು ಅಂತ ಗವಾನನ ಲೆಕ್ಕ ಇತ್ತು. ಆದರೆ ದಿಲ್ಲಿ ದಾರಿ ಹಿಡಿಯಲೇ ಇಲ್ಲ. ಬೀದರೇ ಅವನ ಊರಾಯ್ತು.

ವ್ಯಾಪಾರಿ ವಜೀರನಾದ

ಆಗ ಗಾದಿ ಮೇಲಿದ್ದವನು ಎರಡನೇ ಅಲಾವುದ್ದೀನ್ ಅಹಮದ್ ಶಾಹ. ಈ ವ್ಯಾಪಾರಿಯ ಮಾತು, ಓದು, ನಡತೆ ನೋಡಿ ದರ್ಬಾರಿನಲ್ಲೇ ಇಟ್ಟುಕೊಂಡ. ಸ್ವಲ್ಪ ದಿನಕ್ಕೇ ಪರೀಕ್ಷೆ ಬಂತು. ತೆಲಂಗಾಣದ ನಲ್ಗೊಂಡದಲ್ಲಿ ಸುಲ್ತಾನನ ಬೀಗನೇ ಆದ ಜಲಾಲ್ ಖಾನ್ ತಿರುಗಿ ಬಿದ್ದ. ಅದನ್ನ ಅಡಗಿಸುವ ಕೆಲಸಕ್ಕೆ ಗವಾನನನ್ನ ಕಳಿಸಿದ್ರು. ದಂಡು ನಡೆಸಿದ ಅನುಭವ ಇಲ್ಲದ ವ್ಯಾಪಾರಿ ಆ ಕೆಲಸ ಮುಗಿಸಿಕೊಂಡು ಬಂದ.

1458ರಲ್ಲಿ ಹುಮಾಯೂನ್ ಶಾಹ ಸುಲ್ತಾನನಾದ. ಇವನನ್ನ ಇತಿಹಾಸದ ಪುಸ್ತಕಗಳು ಜಾಲಿಂ, ಅಂದ್ರೆ ಕ್ರೂರಿ, ಅಂತಲೇ ಕರೀತಾವೆ. ಅಂಥವನೂ ಗವಾನನನ್ನ ನಂಬಿದ. ಮಲಿಕ್-ಉತ್-ತುಜ್ಜಾರ್ ಅಂತ ಬಿರುದು ಕೊಟ್ಟ. ವ್ಯಾಪಾರಿಗಳ ಒಡೆಯ ಅಂತ ಅದರ ಅರ್ಥ. ವಿಜಯಪುರ ಸೀಮೆಯ ಜವಾಬ್ದಾರಿಯನ್ನೂ ಅವನ ಹೆಗಲಿಗೆ ಹಾಕಿದ.

ಮೂರೇ ವರ್ಷಕ್ಕೆ ಹುಮಾಯೂನ್ ತೀರಿಕೊಂಡ. ಮಗ ನಿಜಾಮ್ ಶಾಹನಿಗೆ ಆಗ ಎಂಟು ವರ್ಷ. ಎಂಟು ವರ್ಷದ ಹುಡುಗ ರಾಜ್ಯ ಆಳುವುದು ಹೆಂಗೆ? ರಾಜ್ಯ ನಡೆಸಿದ್ದು ಮೂವರು. ಹುಡುಗನ ತಾಯಿ, ಮಖ್ದೂಮಾ-ಎ-ಜಹಾನ್ ಅಂತ ಕರೆಸಿಕೊಂಡ ನರ್ಗಿಸ್ ಬೇಗಂ, ತುರ್ಕಿ ಮೂಲದ ಅಮೀರ ಖ್ವಾಜಾ ಜಹಾನ್, ಮತ್ತು ಮಹಮೂದ್ ಗವಾನ್. ಪರದೆ ಹಿಂದೆ ಕೂತು ರಾಜ್ಯದ ಹಗ್ಗ ಹಿಡಿದ ಆ ತಾಯಿಯ ಹೆಸರು ನಮ್ಮ ಜಿಲ್ಲೆಯಲ್ಲೇ ಕೇಳಿದವರು ಕಡಿಮೆ.

ಗಾದಿ ಮೇಲೆ ಹುಡುಗ ಕೂತಿದ್ದು ಗೊತ್ತಾಗ್ತಿದ್ದಂಗೆ ನೆರೆಯವರು ಏರಿ ಬಂದ್ರು. ಮಾಳ್ವದ ಮಹಮೂದ್ ಖಿಲ್ಜಿ 1462ರ ಹೊತ್ತಿಗೆ ಬೀದರನ್ನೇ ಮುತ್ತಿಗೆ ಹಾಕಿದ. ರಾಜಮನೆತನದವರು ಭೀಮಾ ನದಿ ದಂಡೆಯ ಫಿರೋಜಾಬಾದಿಗೆ ಹೋಗಿ ಕೂಡಬೇಕಾಯ್ತು. ಈಗಿನ ಕಲಬುರಗಿ ಜಿಲ್ಲೆಯಲ್ಲಿರುವ ಆ ಊರಿನ ಹಾಳು ಕೋಟೆ ಇನ್ನೂ ನಿಂತದ. ಗುಜರಾತಿನ ಸುಲ್ತಾನನಿಗೆ ಪತ್ರ ಬರೆದು ಅಲ್ಲಿಂದ ದಂಡು ತರಿಸಿಕೊಂಡು ಗವಾನ್ ಮಾಳ್ವದವರ ದಾರಿ ಕಟ್ಟಿದ. ದಾಣಿ, ಧಾನ್ಯ ಬರುವ ದಾರಿ ನಿಂತ ಮೇಲೆ ಅವರು ವಾಪಸ್ ಹೋದ್ರು. ಬೀದರ್ ಉಳೀತು.

1463ರಲ್ಲಿ ನಿಜಾಮ್ ಶಾಹನೂ ತೀರಿಕೊಂಡ. ಅವನ ತಮ್ಮ ಮೂರನೇ ಮುಹಮ್ಮದ್ ಶಾಹ ಗಾದಿಗೆ ಬಂದ. ಅವನೂ ಚಿಕ್ಕ ಹುಡುಗನೇ. ಮೂರು ವರ್ಷದ ಮೇಲೆ ಖ್ವಾಜಾ ಜಹಾನ್ ತುರ್ಕನ ಕೊಲೆಯಾಯ್ತು. ಅಧಿಕಾರವೆಲ್ಲಾ ತನ್ನ ಕೈಗೆ ತಗೊಳ್ಳಲಿಕ್ಕೆ ಹೊಂಟಿದ್ದ ಅನ್ನೋದು ಅವನ ಮೇಲಿನ ಆರೋಪ. ಆ ಮೇಲೆ ಗವಾನ್ ರಾಜ್ಯದ ಪ್ರಧಾನಿಯಾದ. ಮುಂದಿನ 15 ವರ್ಷ ಬಹಮನಿ ರಾಜ್ಯ ಅಂದ್ರೆ ಹೆಚ್ಚು ಕಡಿಮೆ ಗವಾನನ ಕೆಲಸವೇ.

ಗೋವಾ, ಬೆಳಗಾವಿ, ಮತ್ತ ಕಣ್ಣೀರು

ಗವಾನನಿಗೆ ಕೊಂಕಣದ ದಂಡೆ ಬೇಕಿತ್ತು. ಕಾರಣ ಸರಳ. ದಂಡಿಗೆ ಬೇಕಾದ ಕುದುರೆ ಅರಬ್ ದೇಶದಿಂದ ಹಡಗಿನಲ್ಲಿ ಬರಬೇಕು, ಬಂದರು ಕೈಯಲ್ಲಿದ್ದವರಿಗೇ ಒಳ್ಳೆ ಕುದುರೆ. ಹಜ್ ಯಾತ್ರೆಗೆ, ವ್ಯಾಪಾರಕ್ಕೆ ಹೋಗುವ ಹಡಗುಗಳನ್ನ ಖೇಳಣಾ, ಸಂಗಮೇಶ್ವರದ ಕಡೆಯವರು ಲೂಟಿ ಮಾಡ್ತಾರೆ ಅಂತ ದೂರೂ ಇತ್ತು. 1469ರಲ್ಲಿ ದಂಡು ತಗೊಂಡು ಹೊಂಟ. ದಟ್ಟ ಕಾಡು, ಘಾಟು, ಮಳೆಗಾಲ. ಮರ ಕಡಿದು ದಾರಿ ಮಾಡಿಕೊಂಡು ಹೋಗಬೇಕಾಯ್ತು. ಈಗ ವಿಶಾಲಗಡ ಅಂತ ಕರೆಯುವ ಖೇಳಣಾ ಕೋಟೆ, ಆಮೇಲೆ ಸಂಗಮೇಶ್ವರ ಕೈಗೆ ಬಂದ್ವು. 1472ರ ಫೆಬ್ರವರಿ 1ರಂದು ಗೋವಾ ಬಂದರು ವಿಜಯನಗರದ ಕೈತಪ್ಪಿ ಬಹಮನಿಗಳ ಪಾಲಾಯ್ತು.

ಗವಾನ್ ಬೀದರಿಗೆ ವಾಪಸ್ ಬಂದಾಗ ದೊಡ್ಡ ಸನ್ಮಾನ ನಡೀತು. ಸುಲ್ತಾನ ಸ್ವತಃ ಅವನ ಮನೆಗೆ ಹೋಗಿ ಒಂದು ವಾರ ಇದ್ದ. ರಾಜಮಾತೆ ಅವನನ್ನ ಅಣ್ಣಾ ಅಂತ ಕರೆದಳು. ಇದರ ನಂತರದ ಒಂದು ಘಟನೆಯನ್ನ ಇತಿಹಾಸಕಾರ ಫರಿಶ್ತಾ ಬರೆದಿಟ್ಟಿದ್ದಾನೆ. ಸುಲ್ತಾನ ಹೋದ ಮೇಲೆ ಗವಾನ್ ಕೋಣೆ ಬಾಗಿಲು ಹಾಕಿಕೊಂಡು, ಜರಿ ಬಟ್ಟೆ ತೆಗೆದಿಟ್ಟು, ನೆಲಕ್ಕೆ ಬಿದ್ದು ಅತ್ತನಂತೆ. ಹೊರಗೆ ಬಂದು ತನ್ನ ಹಣ, ಒಡವೆ ಎಲ್ಲಾ ಪಂಡಿತರಿಗೆ, ಬಡವರಿಗೆ ಹಂಚಿಬಿಟ್ಟ. ಆನೆ, ಕುದುರೆ, ಪುಸ್ತಕ ಮಾತ್ರ ಉಳಿಸಿಕೊಂಡ. ಆನೆ ಕುದುರೆ ಸುಲ್ತಾನನವು, ಪುಸ್ತಕ ವಿದ್ಯಾರ್ಥಿಗಳವು, ಹಂಗಾಗಿ ಅವನ್ನ ಹಂಚುವ ಹಕ್ಕು ತನಗಿಲ್ಲ ಅನ್ನೋದು ಅವನ ಲೆಕ್ಕ.

ಮರುವರ್ಷ ಬೆಳಗಾವಿ ಕೋಟೆಯ ಮೇಲೆ ದಂಡು ಹೋಯ್ತು. ಸುಲ್ತಾನನೂ ಜೊತೆಗಿದ್ದ. ಕೋಟೆ ಸುತ್ತ ನೀರು ತುಂಬಿದ ಕಂದಕ, ಗಟ್ಟಿ ಗೋಡೆ. ಗೋಡೆ ಬುಡಕ್ಕೆ ಸುರಂಗ ಕೊರೆದು ಸಿಡಿಮದ್ದು ತುಂಬಿ ಉಡಾಯಿಸಿದ್ರು. ದಕ್ಖನ್‌ನ ಯುದ್ಧಗಳಲ್ಲಿ ಇದು ಆಗ ಹೊಸ ವಿದ್ಯೆ. ಕೋಟೆ ಗೆದ್ದರೂ ಗವಾನನಿಗೆ ದೊಡ್ಡ ನಷ್ಟ ಆಗಿದ್ದು ಅದೇ ದಂಡಯಾತ್ರೆಯಲ್ಲಿ. ಮಗನ ಜೊತೆ ಬಂದಿದ್ದ ರಾಜಮಾತೆ ಅಲ್ಲೇ ತೀರಿಕೊಂಡಳು. ಸುಲ್ತಾನನ ಕಿವಿಗೆ ಒಳ್ಳೆ ಮಾತು ಹಾಕುವವರು, ಕುಡಿತಕ್ಕೆ ಬಿದ್ದ ಮಗನನ್ನ ತಡೆಯುವವರು ಯಾರೂ ಉಳಿಯಲಿಲ್ಲ.

ಒಂದು ಮಾತು ಹೇಳಲೇಬೇಕು. ಗವಾನನನ್ನ ಸಂತ ಮಾಡಿ ಕೂಡಿಸುವುದು ಬೇಡ. ಅವನೂ ಅವನ ಕಾಲದ ಮನುಷ್ಯ. ದಂಡು ಹೋದ ಹಾದಿಯಲ್ಲಿ ಊರುಗಳು ಸುಲಿಗೆಯಾದ್ವು, ಜನ ಸತ್ರು. ಅದೇ ಕಾಲಕ್ಕೆ ರಷ್ಯಾದಿಂದ ಬಂದ ಅಫನಾಸಿ ನಿಕಿತಿನ್ ಅನ್ನುವ ವ್ಯಾಪಾರಿ ಬೀದರಿನಲ್ಲಿ ಇದ್ದ, ತನ್ನ ಕುದುರೆಯನ್ನ ಇಲ್ಲೇ ಮಾರಿದ. ಅವನು ಬರೆದಿಟ್ಟ ಪ್ರವಾಸ ಕಥನದಲ್ಲಿ ಅಮೀರರು ಬೆಳ್ಳಿ ಪಲ್ಲಕ್ಕಿಯಲ್ಲಿ ಮೆರೆಯುವುದೂ ಅದ, ಹಳ್ಳಿ ಜನ ತೀರಾ ಬಡತನದಲ್ಲಿ ಇರುವುದೂ ಅದ. ಮಲಿಕ್-ಉತ್-ತುಜ್ಜಾರ್ ಅಂತ ಗವಾನನ ವೈಭವದ ಸುದ್ದಿಯೂ ಅದರಲ್ಲಿ ಬರ್ತದ.

ಲೆಕ್ಕ ಕೇಳಿದ ಪ್ರಧಾನಿ

ರಾಜ್ಯ ಕೊಂಕಣದಿಂದ ಆಂಧ್ರದ ಕರಾವಳಿ ತನಕ ಬೆಳೀತು. ಆದರೆ ಅದನ್ನ ಹಿಡಿದಿಡುವ ವ್ಯವಸ್ಥೆ ಹಳೇದೇ ಇತ್ತು. ನಾಲ್ಕು ದೊಡ್ಡ ಪ್ರಾಂತ್ಯ, ಅವನ್ನ ತರಫ್ ಅಂತಿದ್ರು. ಒಂದೊಂದಕ್ಕೆ ಒಬ್ಬ ತರಫ್‌ದಾರ. ಅವನ ಸೀಮೆಯ ಕೋಟೆಗಳೆಲ್ಲಾ ಅವನವೇ, ದಂಡೂ ಅವನದೇ, ಕಂದಾಯವೂ ಅವನ ಕೈಯಲ್ಲೇ. ಅಂಥವನು ನಾಳೆ ತಿರುಗಿ ಬಿದ್ರೆ ಸುಲ್ತಾನ ಏನು ಮಾಡ್ಯಾನು?

ಗವಾನ್ ನಾಲ್ಕನ್ನ ಎಂಟು ಮಾಡಿದ. ಕಲಬುರಗಿ ಸೀಮೆಯಿಂದ ವಿಜಯಪುರ ಬೇರೆ ಆಯ್ತು, ದೌಲತಾಬಾದಿನಿಂದ ಜುನ್ನರ್ ಬೇರೆ ಆಯ್ತು, ತೆಲಂಗಾಣ ವಾರಂಗಲ್ ಮತ್ತು ರಾಜಮಹೇಂದ್ರಿ ಅಂತ ಎರಡಾಯ್ತು, ಬೇರಾರ್ ಗಾವಿಲ್ ಮತ್ತು ಮಾಹೂರ್ ಅಂತ ಎರಡಾಯ್ತು. ಒಬ್ಬ ತರಫ್‌ದಾರನಿಗೆ ಒಂದೇ ಕೋಟೆ. ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನ ನೇಮಿಸಬೇಕು. ಪ್ರತಿ ತರಫಿನಲ್ಲೂ ಕೆಲವು ಜಮೀನು ನೇರ ಸರ್ಕಾರದ ಖಾತೆಗೆ.

ದಂಡಿನ ಲೆಕ್ಕಕ್ಕೂ ಕೈ ಹಾಕಿದ. ಇಷ್ಟು ಸವಾರರನ್ನ ಸಾಕ್ತೀನಿ ಅಂತ ಅಮೀರರು ಸರ್ಕಾರದಿಂದ ಹಣ ತಗೋತಿದ್ರು, ನಿಜವಾಗಿ ಇಡುತ್ತಿದ್ದದ್ದು ಕಡಿಮೆ. ಗವಾನ್ ಕೊಡುವ ಹಣ ಜಾಸ್ತಿ ಮಾಡಿದ, ಜೊತೆಗೆ ಎಣಿಕೆಯನ್ನೂ ಬಿಗಿ ಮಾಡಿದ. ಎಷ್ಟು ಆಳು ಕಡಿಮೆಯೋ ಅಷ್ಟು ಹಣ ಕಟ್. ಹೊಲಗಳನ್ನ ಅಳೆಸಿ, ಹಳ್ಳಿಗಳ ಗಡಿ ಗುರುತು ಮಾಡಿಸಿ, ಬೆಳೆ ನೋಡಿ ಕಂದಾಯ ಕಟ್ಟುವ ಪದ್ಧತಿ ಶುರು ಮಾಡಿದ. ಪಹಣಿ, ಸರ್ವೆ ಅಂತ ನಾವು ಈಗ ತಹಶೀಲ್ ಆಫೀಸಿಗೆ ಅಲೆಯುವ ಕೆಲಸದ ಬಹಳ ಹಳೆಯ ರೂಪ ಅದು.

ಇದರಿಂದ ಹೊಟ್ಟೆಗೆ ಪೆಟ್ಟು ಬಿದ್ದವರು ಸುಮ್ಮನಿರ್ತಾರಾ? ಅದರ ಮೇಲೆ ದರ್ಬಾರಿನಲ್ಲಿ ಮೊದಲಿಂದಲೂ ಎರಡು ಪಾರ್ಟಿ ಇದ್ವು. ಬಹಳ ತಲೆಮಾರಿನಿಂದ ಇಲ್ಲೇ ನೆಲೆಸಿದ ದಖನಿಗಳು ಒಂದು ಕಡೆ, ಅವರ ಜೊತೆಗೆ ಹಬಶಿಗಳು. ಇರಾನ್, ತುರ್ಕಿ, ಅರಬ್ ಕಡೆಯಿಂದ ಹೊಸದಾಗಿ ಬಂದ ಅಫಾಕಿಗಳು ಇನ್ನೊಂದು ಕಡೆ. ಒಳಗಿನವರು, ಹೊರಗಿನವರು ಅಂತ ಕತ್ತಿ ಹಿಡಿಯುವ ಮಟ್ಟಕ್ಕೆ ಜಗಳ ಹೋಗಿತ್ತು. ಗವಾನ್ ಸ್ವತಃ ಹೊರಗಿನಿಂದ ಬಂದವನು. ಆದರೂ ಎಂಟು ತರಫ್ ಹಂಚುವಾಗ ಎರಡೂ ಕಡೆಯವರಿಗೆ ಜಾಗ ಕೊಟ್ಟ. ಅವನ ಎಣಿಕೆ ಸರಿ ಇದ್ರೂ ಮನಸ್ಸು ಕೂಡಲಿಲ್ಲ. ದಖನಿ ಪಾರ್ಟಿಯ ಮುಖಂಡ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕ್, ತನ್ನ ತೆಲಂಗಾಣವನ್ನ ಎರಡು ಮಾಡಿದ್ದನ್ನ ಮರೆಯಲಿಲ್ಲ.

ಮಿನಾರ್ ಇರುವ ಕಾಲೇಜು

ಇಷ್ಟೆಲ್ಲಾ ಯುದ್ಧ, ರಾಜಕಾರಣದ ನಡುವೆಯೇ 1472ರಲ್ಲಿ ಮದರಸಾ ಕಟ್ಟಿ ಮುಗೀತು. ಮದರಸಾ ಅಂದ ಕೂಡಲೇ ಧರ್ಮದ ಪಾಠ ಅಷ್ಟೇ ಅಂತ ಕೆಲವರು ತಿಳಕೊಳ್ಳಬಹುದು. ಇದು ಆ ಕಾಲದ ವಸತಿ ಕಾಲೇಜು. ಧರ್ಮಶಾಸ್ತ್ರದ ಜೊತೆಗೆ ಅರಬ್ಬಿ, ಪಾರ್ಸಿ ಭಾಷೆ, ತತ್ವಶಾಸ್ತ್ರ, ಗಣಿತ, ಖಗೋಳದಂಥ ವಿದ್ಯೆಗಳಿಗೂ ಜಾಗ ಇತ್ತು. ವಿದ್ಯಾರ್ಥಿಗಳು ಇರಲಿಕ್ಕೆ 36 ಕೋಣೆ, ಗುರುಗಳಿಗೆ ಬೇರೆ ಮನೆಗಳು, ನಮಾಜಿಗೆ ಮಸೀದಿ, ಪಾಠದ ದೊಡ್ಡ ಹಜಾರಗಳು, ಮತ್ತೆ ಗ್ರಂಥಾಲಯ. ಅದರಲ್ಲಿ ಗವಾನನ 3000 ಹಸ್ತಪ್ರತಿಗಳಿದ್ವು ಅಂತಾರೆ. ಅಚ್ಚು ಇಲ್ಲದ ಕಾಲ ಅದು, ಒಂದೊಂದು ಪುಸ್ತಕವನ್ನೂ ಯಾರೋ ಕೂತು ಕೈಯಿಂದ ಬರೆದಿದ್ದು.

ಓದಲಿಕ್ಕೆ ಬಂದವರಿಗೆ ಊಟ, ವಸತಿ ಖರ್ಚು ಇರಲಿಲ್ಲ. ಓದು ಅರ್ಧಕ್ಕೆ ನಿಲ್ಲುವುದು ಬುದ್ಧಿ ಕಡಿಮೆ ಇರುವುದರಿಂದ ಅಲ್ಲ, ರೊಕ್ಕ ಕಡಿಮೆ ಇರುವುದರಿಂದ ಅನ್ನೋದು ಡಿಗ್ರಿ ನಡುವೆ ಬಿಟ್ಟ ನನ್ನಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ. 550 ವರ್ಷದ ಹಿಂದೆ ಆ ವ್ಯಾಪಾರಿಗೂ ಅದು ಗೊತ್ತಿತ್ತು.

ಗವಾನ್ ದೊಡ್ಡ ದೊಡ್ಡ ಪಂಡಿತರಿಗೆ ಪತ್ರ ಬರೆದು ಬೀದರಿಗೆ ಕರೆಯುತ್ತಿದ್ದ. ಹೆರಾತಿನ ಹೆಸರಾಂತ ಕವಿ ಜಾಮಿಗೂ ಕರೆ ಹೋಗಿತ್ತು. ಜಾಮಿ ಬರಲಿಲ್ಲ, ಆದರೆ ಇಬ್ಬರ ನಡುವೆ ಪತ್ರ ವ್ಯವಹಾರ ನಡೀತು. ತುರ್ಕಿಯ ಆಟೋಮನ್ ಸುಲ್ತಾನನಿಗೂ ಬೀದರಿನಿಂದ ಗವಾನನ ಪತ್ರಗಳು ಹೋದ್ವು. ಅವನ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ ಇವತ್ತಿಗೂ ಉಳಿದದ. ಪತ್ರ ಬರೆಯುವ ಕಲೆಯ ಮೇಲೆಯೇ ಮನಾಜಿರ್-ಉಲ್-ಇನ್ಶಾ ಅಂತ ಇನ್ನೊಂದು ಪುಸ್ತಕ ಬರೆದ. ಪತ್ರ ಹೆಂಗೆ ಬರೆಯಬೇಕು ಅಂತ ಊರಿಗೆಲ್ಲಾ ಹೇಳಿಕೊಟ್ಟ ಮನುಷ್ಯನ ಜೀವ ಹೋಗಿದ್ದು ಪತ್ರದಿಂದಲೇ ಅನ್ನೋದು ವಿಧಿ ನೋಡ್ರಿ.

ಮೊಹರು ಅವನದು, ಪತ್ರ ಅವನದಲ್ಲ

1481. ಸುಲ್ತಾನನ ದಂಡು ಆಂಧ್ರದ ಕಡೆ ಹೋಗಿತ್ತು. ವಿಜಯವಾಡ ಹತ್ತಿರದ ಕೊಂಡಪಲ್ಲಿಯಲ್ಲಿ ಬಿಡಾರ. ಗವಾನನಿಗೆ ಮಗನಂತಿದ್ದ, ಅವನ ಬೆನ್ನಿಗೆ ನಿಲ್ಲುತ್ತಿದ್ದ ಯೂಸುಫ್ ಆದಿಲ್ ಖಾನ್ ಬೇರೆ ಕಡೆ ಯುದ್ಧಕ್ಕೆ ಹೋಗಿದ್ದ. ವೈರಿಗಳು ಇದೇ ಸಮಯ ಅಂತ ನೋಡಿದ್ರು.

ಗವಾನನ ಮೊಹರು ನೋಡಿಕೊಳ್ಳುತ್ತಿದ್ದ ನೌಕರನ ಗೆಳೆತನ ಮಾಡಿದ್ರು. ಕಾಣಿಕೆ ಕೊಟ್ರು, ಕುಡಿಸಿದ್ರು. ಅವನು ಅಮಲಿನಲ್ಲಿ ಇದ್ದಾಗ ಮಡಚಿದ ಒಂದು ಹಾಳೆ ಮುಂದಿಟ್ಟು, ಇದು ಯಾರೋ ಗೆಳೆಯನ ಲೆಕ್ಕದ ಕಾಗದ, ಉಳಿದವರ ಮೊಹರು ಬಿದ್ದಾವ, ಖ್ವಾಜಾನ ಮೊಹರು ಒಂದು ಬೇಕು ಅಂತ ನಂಬಿಸಿದ್ರು. ಅವನು ಬಿಚ್ಚಿ ಸಹಿತ ನೋಡಲಿಲ್ಲ, ಮೊಹರು ಒತ್ತಿಬಿಟ್ಟ. ಹಾಳೆ ಖಾಲಿ ಇತ್ತು.

ಆ ಖಾಲಿ ಹಾಳೆ ಮೇಲೆ ಗವಾನನ ಹೆಸರಿನಲ್ಲಿ ಒಡಿಶಾದ ಗಜಪತಿ ರಾಜನಿಗೆ ಪತ್ರ ಬರೆದ್ರು. ನಮ್ಮ ಸುಲ್ತಾನ ಕುಡುಕ, ಜನ ಬೇಸತ್ತಿದ್ದಾರೆ, ನೀನು ದಂಡೆತ್ತಿ ಬಾ, ರಾಜ್ಯ ಹಂಚಿಕೊಳ್ಳೋಣ ಅನ್ನೋದು ಅದರ ತಿರುಳು. ಸುಲ್ತಾನ ಕುಡಿದಿದ್ದ ಹೊತ್ತು ನೋಡಿ ಮಲಿಕ್ ಹಸನ್ ಕಡೆಯವರು ಅದನ್ನ ಅವನ ಕೈಗೆ ಮುಟ್ಟಿಸಿದ್ರು. ಪತ್ರ ತಂದವನನ್ನ ಕರೆಸಿ ವಿಚಾರಿಸುವಷ್ಟೂ ತಾಳ್ಮೆ ಸುಲ್ತಾನನಿಗೆ ಇರಲಿಲ್ಲ. ಗವಾನನಿಗೆ ಕರೆ ಹೋಯ್ತು.

ಗೆಳೆಯರಿಗೆ ಏನೋ ವಾಸನೆ ಬಂದಿತ್ತು. ಇವತ್ತು ಹೋಗಬೇಡ, ಕುದುರೆ ಸವಾರರು ತಯಾರಿದ್ದಾರೆ, ಗುಜರಾತಿಗೆ ಹೋಗಿಬಿಡು ಅಂದ್ರು. ಗವಾನ್ ಕೇಳಲಿಲ್ಲ. ಇಷ್ಟು ವರ್ಷ ಈ ಮನೆತನದ ಅನ್ನ ತಿಂದಿದ್ದೀನಿ, ತಪ್ಪು ಮಾಡಿಲ್ಲ, ಓಡಿ ಹೋಗುವುದಿಲ್ಲ ಅಂತ ಹೇಳಿ ಹೊಂಟ.

ಸುಲ್ತಾನ ಪತ್ರ ತೋರಿಸಿದ. ಗವಾನ್ ನೋಡಿ, ಮೊಹರು ನನ್ನದು, ಪತ್ರ ನನ್ನದಲ್ಲ ಅಂದ. ಸುಲ್ತಾನ ಕೇಳಿಸಿಕೊಳ್ಳಲಿಲ್ಲ. ಜೌಹರ್ ಅನ್ನುವ ಹಬಶಿ ಗುಲಾಮನಿಗೆ ಕೊಲ್ಲು ಅಂತ ಹೇಳಿ ಎದ್ದು ಒಳಗೆ ಹೋದ. ಮುದುಕ ಪಶ್ಚಿಮಕ್ಕೆ ಮುಖ ಮಾಡಿ ಮೊಣಕಾಲೂರಿದ. ಒಂದೇ ಏಟಿಗೆ ಎಲ್ಲಾ ಮುಗೀತು. ಅದು 1481ರ ಏಪ್ರಿಲ್ 5. ಗವಾನನಿಗೆ 70 ವರ್ಷ, ಸುಲ್ತಾನನಿಗೆ ಇನ್ನೂ 30 ತುಂಬಿರಲಿಲ್ಲ. ತಾನು ಎತ್ತಿ ಆಡಿಸಿದ ಹುಡುಗನ ಬಾಯಿಂದಲೇ ಆ ಹುಕುಂ ಬಂದಿತ್ತು.

ಖಾಲಿ ತಿಜೋರಿ

ಇಷ್ಟು ವರ್ಷ ಪ್ರಧಾನಿಯಾಗಿದ್ದವನ ಹತ್ರ ಎಷ್ಟು ಬಂಗಾರ ಇರಬೇಡ ಅಂತ ಸುಲ್ತಾನ ಖಜಾಂಚಿಯನ್ನ ಕರೆಸಿದ. ಸಿಕ್ಕಿದ್ದು ಎರಡು ಸಣ್ಣ ಖಾತೆ. ಒಂದು ದಂಡು, ಆನೆ, ಕುದುರೆ ಖರ್ಚಿನದು, ಅದನ್ನ ಸರ್ಕಾರದ ದುಡ್ಡು ಅಂತಲೇ ಬೇರೆ ಇಟ್ಟಿದ್ದ. ಇನ್ನೊಂದು ಬಡವರದು. ಪ್ರಧಾನಿಯಾದ ಮೇಲೂ ಗವಾನ್ ತನ್ನ ಹಳೇ ಬಂಡವಾಳದಿಂದ ವ್ಯಾಪಾರ ನಡೆಸುತ್ತಲೇ ಇದ್ದ. ಅದರ ಲಾಭದಲ್ಲಿ ತನ್ನ ಮನೆಖರ್ಚು, ಮಿಕ್ಕಿದ್ದು ದಾನಕ್ಕೆ. ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆ ಮೇಲೆ ಮಲಗುತ್ತಿದ್ದ ಅಂತ ಖಜಾಂಚಿ ಹೇಳಿದ. ಪತ್ರ ತಂದವನು ಎಲ್ಲಿ, ಅವನನ್ನ ವಿಚಾರಿಸಿದಿರಾ ಅಂತ ತಿರುಗಿ ಕೇಳಿದ. ಆಗ ಸುಲ್ತಾನನಿಗೆ ತಲೆಗೆ ಹೊಳೀತು. ಹೊಳೆದು ಏನು ಪ್ರಯೋಜನ?

ಒಂದು ವರ್ಷದೊಳಗೆ, 1482ರಲ್ಲಿ, ಸುಲ್ತಾನನೂ ಕುಡಿದು ಕುಡಿದು ಸತ್ತ. ಗವಾನ್ ನನ್ನನ್ನ ಹರಿದು ತಿನ್ನುತ್ತಿದ್ದಾನೆ ಅಂತ ಕೊನೇ ಗಳಿಗೆಯಲ್ಲಿ ಚೀರಾಡಿದ ಅಂತ ಕಥೆ ಅದ. ಗವಾನನ ಕುರ್ಚಿಗೆ ಬಂದ ಮಲಿಕ್ ಹಸನ್ ಕೂಡ ಕೆಲವೇ ವರ್ಷದಲ್ಲಿ ಕೊಲೆಯಾದ. ಅಮೀರರು ತಂತಮ್ಮ ಸೀಮೆಗೆ ಹೋಗಿ ಕೂತ್ರು. 1490ರ ಹೊತ್ತಿಗೆ ವಿಜಯಪುರದಲ್ಲಿ ಯೂಸುಫ್ ಆದಿಲ್ ಖಾನ್, ಅಹಮದ್‌ನಗರದಲ್ಲಿ ಮಲಿಕ್ ಹಸನನ ಮಗ, ಬೇರಾರಿನಲ್ಲಿ ಇಮಾದ್-ಉಲ್-ಮುಲ್ಕ್ ತಾವೇ ಒಡೆಯರಾದ್ರು. ಆಮೇಲೆ ಗೋಲ್ಕೊಂಡ. ಬೀದರಿನಲ್ಲಿ ಉಳಿದ ಹೆಸರಿಗಷ್ಟೇ ಸುಲ್ತಾನರನ್ನ ಬರೀದರು ಕುಣಿಸಿದ್ರು. ಒಂದು ರಾಜ್ಯ ಐದಾಯ್ತು. ವಿಜಯಪುರದ ಗೋಳಗುಮ್ಮಟದ ಕಥೆಯ ಮೊದಲ ಎಳೆ ಹುಡುಕಿಕೊಂಡು ಹೋದ್ರೆ ಅದು ಕೊಂಡಪಲ್ಲಿಯ ಆ ಬಿಡಾರಕ್ಕೇ ಹೋಗಿ ಮುಟ್ಟತದ.

ಪುಸ್ತಕದ ಜಾಗದಲ್ಲಿ ಮದ್ದು

ಗವಾನ್ ಹೋದ ಮೇಲೂ ಮದರಸಾ ಬಹಳ ಕಾಲ ನಡೀತು. 1650ರ ದಶಕದ ಕೊನೆಗೆ ಔರಂಗಜೇಬ ಬೀದರ್ ಗೆದ್ದ. ಮೊಗಲರ ಕಾಲಕ್ಕೆ ಕಟ್ಟಡದ ಒಂದು ಭಾಗದಲ್ಲಿ ದಂಡಿನವರು ಬಂದು ಕೂತ್ರು, ಸಿಡಿಮದ್ದು ಸಂಗ್ರಹ ಮಾಡಿದ್ರು. 1696ರಲ್ಲಿ ಆ ಮದ್ದು ಸಿಡೀತು. ಮುಂಭಾಗದ ಬಹಳಷ್ಟು ಗೋಡೆ, ಬಾಗಿಲು, ದಕ್ಷಿಣದ ಒಂದು ಭಾಗ, ಎರಡರಲ್ಲಿ ಒಂದು ಮಿನಾರ್ ಉರುಳಿ ಬಿದ್ವು. ನಾವು ಇವತ್ತು ನೋಡುವುದು ಆ ಸ್ಫೋಟದಿಂದ ಉಳಿದ ಅರ್ಧ.

ಇದನ್ನ ಯೋಚನೆ ಮಾಡ್ರಿ. ಬೆಳಗಾವಿ ಕೋಟೆ ಒಡೆಯಲಿಕ್ಕೆ ಮದ್ದು ಬಳಸಿದವನು ಗವಾನ್. ಆದರೆ ತನ್ನ ಮದರಸಾದಲ್ಲಿ ಅವನು ಇಟ್ಟಿದ್ದು ಪುಸ್ತಕ. ಪುಸ್ತಕ ಇದ್ದಷ್ಟು ದಿನ ಕಟ್ಟಡ ಗಟ್ಟಿಯಾಗಿ ನಿಂತಿತ್ತು.

ನೋಡಲಿಕ್ಕೆ ಹೋದ್ರೆ ಇವನ್ನ ಗಮನಿಸ್ರಿ

ಮದರಸಾ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ದಕ್ಖನ್ ಸುಲ್ತಾನರ ಸ್ಮಾರಕಗಳ ಜೊತೆಗೆ ಬೀದರಿನ ಸ್ಮಾರಕಗಳೂ 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ತಾತ್ಕಾಲಿಕ ಪಟ್ಟಿ ಅಂದ್ರೆ ಇನ್ನೂ ಬಾಗಿಲ ಹೊರಗೆ ನಿಂತಂಗೆ.

ಕಟ್ಟಡದ ಮುಖ ಪೂರ್ವಕ್ಕೆ ಅದ. ಹಂಗಾಗಿ ಬೆಳಗಿನ ಹೊತ್ತು ಹೋದ್ರೆ ಬಿಸಿಲು ನೇರ ಟೈಲ್ಸ್ ಮೇಲೆ ಬೀಳತದ, ಬಣ್ಣ ಎದ್ದು ಕಾಣತಾವ. ಮಿನಾರ್ ಮೇಲೆ ಅಂಕುಡೊಂಕಾದ ಪಟ್ಟಿಯ ವಿನ್ಯಾಸ ನೋಡ್ರಿ. ಗೋಡೆಯ ಮೇಲ್ಭಾಗದಲ್ಲಿ ಟೈಲ್ಸ್ ಮೇಲೆಯೇ ಬರೆದ ಅರಬ್ಬಿ ಅಕ್ಷರಗಳ ಉದ್ದ ಪಟ್ಟಿ ಉಳಿದದ. ಅಲಿ ಅಲ್-ಸೂಫಿ ಅನ್ನುವ ಲಿಪಿಕಾರನ ಕೆಲಸ ಅದು. ಓದಲಿಕ್ಕೆ ಬರದಿದ್ರೂ ಆ ಕೈ ಎಂಥಾದ್ದು ಅಂತ ಕಣ್ಣಿಗೆ ಗೊತ್ತಾಗತದ.

ಒಳಗೆ ಹೋದ್ರೆ ನಡುವೆ ದೊಡ್ಡ ಅಂಗಳ, ಸುತ್ತ ಮೂರು ಅಂತಸ್ತು. ಇರಾನಿನ ಖರ್ಗಿರ್ದ್ ಅನ್ನುವ ಊರಿನಲ್ಲಿ ಇದಕ್ಕಿಂತ ಸುಮಾರು 30 ವರ್ಷ ಹಳೆಯ ಮದರಸಾ ಅದ, ಎರಡಕ್ಕೂ ಬಹಳ ಹೋಲಿಕೆ ಅಂತ ತಿಳಿದವರು ಹೇಳ್ತಾರೆ. ಕೋಣೆಗಳಿಗೆ ಗಾಳಿ, ಬೆಳಕು ಹೆಂಗೆ ಬರ್ತದ ಅಂತ ನೋಡ್ರಿ. ನಮ್ಮ ಬೀದರಿನ ಬೇಸಿಗೆಯಲ್ಲೂ ಆ ದಪ್ಪ ಗೋಡೆಯ ಒಳಗೆ ತಂಪು ಸಿಗತದ.

ಇನ್ನು ಮಾಡಬಾರದ್ದು. ಗೋಡೆ ಮೇಲೆ ಹೆಸರು, ಹಾರ್ಟ್ ಕೆತ್ತಬೇಡ್ರಿ. ಸಂರಕ್ಷಿತ ಸ್ಮಾರಕ ಹಾಳು ಮಾಡಿದ್ರೆ ಕಾನೂನಿನಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ ಆಗಬಹುದು. ಟೈಲ್ಸ್ ಮುಟ್ಟಿ ಮುಟ್ಟಿ ನೋಡಬೇಡ್ರಿ, ಸಡಿಲಾದ ಚೂರು ಕಿತ್ತರೆ ಮತ್ತೆ ಹಚ್ಚಲಿಕ್ಕೆ ಬರೋದಿಲ್ಲ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂಗಿಲ್ಲ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ಅಕ್ಕಪಕ್ಕದ ಓಣಿಯ ಜನರಿಗೆ ಇದರಿಂದ ಮನೆ ರಿಪೇರಿಗೂ ತೊಂದರೆ ಆಗತದ ಅನ್ನೋದು ನಿಜ. ಅವರ ಮಾತೂ ಕೇಳಬೇಕು, ಕಟ್ಟಡವೂ ಉಳೀಬೇಕು. ಎರಡೂ ಆಗುವ ದಾರಿಯನ್ನ ಅಧಿಕಾರಿಗಳು, ಜನಪ್ರತಿನಿಧಿಗಳು ಕೂತು ಹುಡುಕಬೇಕು.

ಮದರಸಾ ನೋಡಿದ ಮೇಲೆ ಕೋಟೆ, ಅಷ್ಟೂರಿನ ಗುಂಬಜ್‌ಗಳಿಗೆ ಎಲ್ಲರೂ ಹೋಗ್ತಾರೆ. ಸಮಯ ಇದ್ರೆ ಊರ ದಕ್ಷಿಣಕ್ಕೆ ಗೋರ್ನಳ್ಳಿ ಕಡೆಗೂ ಹೋಗಿ ಬರ್ರಿ. ಗವಾನನ ಸಮಾಧಿ ಇರುವುದು ಅಲ್ಲಿ. ಅಷ್ಟೂರಿನ ಸುಲ್ತಾನರ ಗುಂಬಜ್‌ಗಳ ವೈಭವ ಅಲ್ಲಿಲ್ಲ, ಪ್ರವಾಸಿಗಳ ಗದ್ದಲವೂ ಇಲ್ಲ. ಮಕ್ಕಳನ್ನ ಕರಕೊಂಡು ಹೋದ್ರೆ, ಈ ಮನುಷ್ಯ ಯಾರು, ಏನು ಕಟ್ಟಿದ, ಯಾಕೆ ಸತ್ತ ಅಂತ ಅಲ್ಲೇ ನಿಂತು ಹೇಳ್ರಿ. ಪರೀಕ್ಷೆಗೆ ಒಂದು ಅಂಕ ಬರೋದು ಬರಲಿ, ಊರಿನ ಮಕ್ಕಳಿಗೆ ಊರಿನ ಕಥೆ ಗೊತ್ತಿರಲಿ.